ಕರಿ ಟಗರಿನ ಮುಂದಿನ ಬೆಂಚು

ನಮ್ಮೂರು ಗ್ರಿಮ್‌ಬೆಕ್‌ನಲ್ಲಿ ಗಡಿಯಾರ ನೋಡದೆ ಸಂಜೆ ಆರು ಗಂಟೆಯನ್ನು ತಿಳಿಯಬೇಕೆಂದರೆ ಒಂದೇ ಉಪಾಯವಿತ್ತು. ನಾರಿಸ್ ಮೆಟ್‌ಕಾಫ್ ಮನೆ ಬಾಗಿಲು ಎಳೆದುಕೊಂಡು, ಚರ್ಚಿನ ಹಿಂದಿನ ಸುತ್ತುದಾರಿ ಹಿಡಿದು ಬಂದು, 'ಕರಿ ಟಗರು' ಪಬ್ಬಿನ ಮುಂದಿನ ಬೆಂಚಿನ ಮೇಲೆ ಕೂತನೆಂದರೆ ಆರು ಗಂಟೆ. ಮಳೆ ಬಂದರೂ ಕೂರುತ್ತಿದ್ದ, ಹಿಮ ಬಿದ್ದರೂ ಕೂರುತ್ತಿದ್ದ. ಪಬ್ಬು ಮುಚ್ಚಿ ಮೂರು ವರ್ಷವಾಯಿತು ಎಂದು ಅವನಿಗೆ ಹೇಳದವರಿಲ್ಲ. "ಮುಚ್ಚಿದ್ದು ಬಾಗಿಲು ಕಣೋ, ಬೆಂಚಲ್ಲ" ಎನ್ನುತ್ತಿದ್ದ.

ಬಾಗಿಲು ಮಾತ್ರ ಚೆನ್ನಾಗಿಯೇ ಮುಚ್ಚಿತ್ತು. ಕಿಟಕಿಗಳಿಗೆ ಹಲಗೆ ಬಡಿದಿದ್ದರು. ಮಾಡಿನ ನೀರು ಹೋಗುವ ದೋಣಿಯಲ್ಲಿ ಒಂದು ಕಾಡುಗಿಡ ಬೇರುಬಿಟ್ಟು, ಬೇಸಗೆಯಲ್ಲಿ ನೇರಳೆ ಹೂ ಬಿಟ್ಟು, ಚಿಟ್ಟೆಗಳಿಗೆಲ್ಲ ಅದೇ ಪಬ್ಬಾಗಿತ್ತು. ಹೊರಗೆ ತೂಗುವ ಬೋರ್ಡಿನ ಮೇಲಿನ ಟಗರಿನ ಬಣ್ಣ ಉದುರಿ ಉದುರಿ ಕೊನೆಗೆ ಒಂದು ಕೊಂಬು, ಒಂದು ಕಣ್ಣು ಉಳಿದಿದ್ದವು. ಆ ಕಣ್ಣಿನಲ್ಲಿ ಅದು ನಾರಿಸನನ್ನು ನೋಡುತ್ತಿತ್ತು. ಅವನೂ ಆಗಾಗ ತಲೆಯೆತ್ತಿ ನೋಡುತ್ತಿದ್ದ. ಇಬ್ಬರಲ್ಲಿ ಯಾರು ಹೆಚ್ಚು ಹಠಮಾರಿ ಎಂದು ಊರಿನವರಿಗೆ ಅನುಮಾನವಿತ್ತು.

ಕಣಿವೆಯಲ್ಲಿ ಒಂದು ಕಾಲಕ್ಕೆ ಐದು ಪಬ್ಬುಗಳಿದ್ದವು. ಒಂದು ಬೆಂಕಿಗೆ ಹೋಯಿತು. ಒಂದರಲ್ಲಿ ಈಗ ಯಾರೋ ಸಂಸಾರ ಮಾಡುತ್ತಿದ್ದಾರೆ. ಇನ್ನೊಂದರಲ್ಲಿ ಹಲ್ಲಿನ ಡಾಕ್ಟರು ಕೂತಿದ್ದಾರೆ. ಮೊದಲು ನೋವು ಮರೆಯಲು ಹೋಗುತ್ತಿದ್ದ ಬಾಗಿಲಿಗೆ ಈಗ ನೋವು ತೋರಿಸಲು ಹೋಗುತ್ತೇವೆ. ಕರಿ ಟಗರು ಮುಚ್ಚಿದ ದಿನ ನಾವು ಖಾಯಂ ಗಿರಾಕಿಗಳು ಒಂದೊಂದು ನೆನಪಿನ ವಸ್ತು ಮನೆಗೆ ಒಯ್ದೆವು. ಹಾರ್ಟ್ಲೆ ಒಯ್ದದ್ದು 'ಇನ್ನು ಎದ್ದು ಹೊರಡಿ' ಎಂದು ಬಡಿಯುತ್ತಿದ್ದ ಹಿತ್ತಾಳೆ ಗಂಟೆಯನ್ನು. ಅದನ್ನು ಈಗ ಅವನ ಹೆಂಡತಿ ಬಡಿಯುತ್ತಾಳೆ, ಅರ್ಥ ಮಾತ್ರ ಅದೇ. ವಿಲ್ಫ್ ಬಾಣ ಎಸೆಯುವ ಹಲಗೆಯನ್ನು ಒಯ್ದು ಅಡುಗೆಮನೆ ಗೋಡೆಗೆ ಹಾಕಿ, ಎರಡು ದಿನದಲ್ಲಿ ಕೋಳಿಗೂಡಿಗೆ ಸಾಗಿಸಿದ. ನನ್ನ ಪಾಲಿಗೆ ಎಂಬತ್ನಾಲ್ಕನೇ ಇಸವಿಯಲ್ಲಿ ಡಾಮಿನೋ ಆಟದಲ್ಲಿ ಗೆದ್ದ ಕಪ್ಪು ಬಂತು. ಆ ಕಪ್ಪಿನ ವಿಷಯ ಮುಂದೆ ಹೇಳುತ್ತೇನೆ, ಹೇಳದೆ ಗತಿಯಿಲ್ಲ. ನಾರಿಸ್ ಏನನ್ನೂ ಒಯ್ಯಲಿಲ್ಲ. "ನಾನು ದಿನಾ ಬರೋನು. ಒಯ್ದು ಏನ್ಮಾಡ್ಲಿ?" ಎಂದ.

ಐದರಲ್ಲಿ ಉಳಿದದ್ದು 'ನೇಗಿಲು' ಒಂದೇ. ಅದು ಬೇರೆ ಊರಿನಲ್ಲಿಲ್ಲ, ಕರಿ ಟಗರಿನ ಎದುರಿಗೇ ಇದೆ, ಅರವತ್ತು ಹೆಜ್ಜೆ ದೂರ. ಬೆಂಚಿನ ಮೇಲೆ ಕೂತರೆ ಅದರ ಕಿಟಕಿ ಕಾಣುತ್ತದೆ, ಒಳಗಿನ ಬೆಂಕಿ ಕಾಣುತ್ತದೆ, ಗಾಳಿ ಈ ಕಡೆಗಿದ್ದರೆ ಅಡುಗೆಯ ವಾಸನೆಯೂ ಬರುತ್ತದೆ. ಟಗರು ಮುಚ್ಚಿದ ವಾರದಲ್ಲೇ ಹಾರ್ಟ್ಲೆ, ವಿಲ್ಫ್, ನಾನು ಮೂವರೂ ನಾಚಿಕೆ ಬಿಟ್ಟು ರಸ್ತೆ ದಾಟಿದೆವು. ನಾರಿಸ್ ದಾಟಲಿಲ್ಲ. ಥರ್ಮಾಸಿನಲ್ಲಿ ಚಹಾ ತಂದು, ಕೋಟಿನ ಕಾಲರ್ ಎತ್ತಿ, ಇಲ್ಲೇ ಕೂತ. ಯಾಕೆಂದರೆ ನೇಗಿಲಿಗೆ ಕಾಲಿಡಬೇಡವೆಂದು ಅವನಿಗೆ ಅಪ್ಪಣೆಯಾಗಿತ್ತು. ಆ ಅಪ್ಪಣೆಗೆ ಮೂವತ್ತೊಂಬತ್ತು ವರ್ಷ ತುಂಬಿತ್ತು.

ನಾರಿಸ್ ಗೋಡೆ ಕಟ್ಟುವವನು. ಸಿಮೆಂಟಿಲ್ಲ, ಸುಣ್ಣವಿಲ್ಲ, ಹೊಲದ ಬದುವಿನಲ್ಲಿ ಕಲ್ಲಿನ ಮೇಲೆ ಕಲ್ಲು ಕೂರಿಸಿ ಕಟ್ಟುವ ಗೋಡೆ. ಒಮ್ಮೆ ಕೈಗೆತ್ತಿಕೊಂಡ ಕಲ್ಲನ್ನು ಅವನು ಕೆಳಗಿಡುತ್ತಿರಲಿಲ್ಲ. ಸರಿಯಾದ ಜಾಗ ಸಿಗುವವರೆಗೂ ಕೈಯಲ್ಲೇ ಹಿಡಿದು ಗೋಡೆಯುದ್ದಕ್ಕೂ ನಡೆಯುತ್ತಿದ್ದ. ಮಾತೂ ಹಾಗೆಯೇ. ಹತ್ತೊಂಬತ್ತನೇ ವಯಸ್ಸಿನಲ್ಲಿ ಅಮ್ಮನ ಮೇಲೆ ಸಿಟ್ಟಾಗಿ "ಇನ್ನು ಟರ್ನಿಪ್ ಗೆಡ್ಡೆ ಮುಟ್ಟಲ್ಲ" ಎಂದನಂತೆ. ಎಪ್ಪತ್ತೆರಡಾದರೂ ಮುಟ್ಟಿರಲಿಲ್ಲ. ನಿಜವಾಗಿ ಅವನಿಗೆ ಆ ಗೆಡ್ಡೆಯೆಂದರೆ ಪ್ರಾಣ. ಪಕ್ಕದವರ ತಟ್ಟೆಯಲ್ಲಿ ಕಂಡರೆ ಮುಖ ಆ ಕಡೆ ತಿರುಗಿಸುತ್ತಿದ್ದ.

ಡಾಮಿನೋ ಆಟಕ್ಕೆ ಇಂಥವನೇ ಬೇಕು. ಕೈಯಲ್ಲಿರುವ ಚುಕ್ಕೆ ಬಿಲ್ಲೆಗಳನ್ನು ಮೇಜಿನ ಮೇಲಿನ ಸಾಲಿಗೆ ಜೋಡಿಸುತ್ತ ಹೋಗುವುದು. ಜೋಡಿಸುವ ಬಿಲ್ಲೆ ಇಲ್ಲದಿದ್ದರೆ ಬಾಯಿ ಬಿಡದೆ ಬೆರಳ ಗೆಣ್ಣಿನಿಂದ ಮೇಜನ್ನು ಎರಡು ಸಲ ಕುಟ್ಟುವುದು. 'ನನ್ನ ಹತ್ತಿರ ಆಡಲು ಏನಿಲ್ಲ' ಎಂದರ್ಥ. ನಾರಿಸನಿಗೆ ಈ ಕುಟ್ಟುವಿಕೆ ಎಷ್ಟು ಹಿಡಿಸಿತ್ತೆಂದರೆ ಜೀವನದ ಅರ್ಧ ಪ್ರಶ್ನೆಗಳಿಗೆ ಅದರಲ್ಲೇ ಉತ್ತರ ಕೊಡುತ್ತಿದ್ದ. "ಯಾಕೋ ಮದುವೆ ಆಗ್ಲಿಲ್ಲ?" ಎಂದು ಅವನ ಅಕ್ಕ ಸಾಯುವವರೆಗೂ ಕೇಳಿದಳು. ಸಾಯುವವರೆಗೂ ಅವನು ಮೇಜು ಕುಟ್ಟಿದ.

ಅಪ್ಪಣೆಯಾದದ್ದು ಎಂಬತ್ನಾಲ್ಕರ ಮಾರ್ಚಿನಲ್ಲಿ. ನಾನಾಗ ಇಪ್ಪತ್ತೆರಡರವನು, ಟಗರಿನ ತಂಡದಲ್ಲಿ ಎಲ್ಲರಿಗಿಂತ ಕಿರಿಯ. ನಾರಿಸ್ ಮೂವತ್ಮೂರರವನು. ಆರು ವಾರಗಳಿಂದ ಪ್ರತಿ ಭಾನುವಾರ ಅವನು ಹಳ್ಳದ ದಂಡೆಯಲ್ಲಿ ಬೆರಿಲ್ ಪ್ರಾಕ್ಟರ್ ಜೊತೆ ನಡೆಯುತ್ತಿದ್ದ. ಬೆರಿಲ್ ಎಂದರೆ ನೇಗಿಲಿನ ಯಜಮಾನ ಹೊರೇಸನ ಮಗಳು. ಇಬ್ಬರ ನಡುವೆ ಒಂದು ಮೊಳ ಅಂತರವಿರುತ್ತಿತ್ತು. ಆರನೇ ವಾರಕ್ಕೆ ಅದು ಗೇಣಾಗಿದೆ ಎಂದು ನೋಡಿದವರು ವರದಿ ಮಾಡಿದ್ದರು.

ಆ ಬುಧವಾರ ನೇಗಿಲಿನಲ್ಲಿ ನಮಗೂ ಅವರಿಗೂ ಪಂದ್ಯ. ಆಡಲು ಬಂದವರಿಗೆ ಮನೆಯವರು ಊಟ ಹಾಕಬೇಕು, ಇದು ನಮ್ಮ ಕಡೆಯ ಪದ್ಧತಿ. ಊಟವೆಂದರೆ ಪೈ ಮತ್ತು ಬಟಾಣಿ. ಹಿಟ್ಟಿನ ಗೂಡಿನೊಳಗೆ ಮಾಂಸ ತುಂಬಿ ಬೇಯಿಸಿದ ಪೈ. ಅವತ್ತಿನ ಪೈಯ ಮೇಲ್ಮುಚ್ಚಳಕ್ಕೆ ವಿಲ್ಫ್ ಚಾಕು ಹಾಕಿದ, ಚಾಕು ಬಾಗಿತು. ಸುಮ್ಮನಿದ್ದರೆ ಆಗುತ್ತಿತ್ತು. ವರ್ಷಕ್ಕೊಂದು ತಮಾಷೆ ಮಾಡುವ ನಾರಿಸ್, ಆ ವರ್ಷದ್ದನ್ನು ಅವತ್ತೇ ಮಾಡಿದ.

"ಹೊರೇಸ್, ಇಂಥ ಮುಚ್ಚಳ ಒಂದು ಹನ್ನೆರಡು ಕೊಡು. ಗೋಡೆ ತಲೆಗಿಡೋ ಕಲ್ಲು ಕಮ್ಮಿ ಬಿದ್ದಿದೆ."

ಇಡೀ ಪಬ್ಬು ನಕ್ಕಿತು. ಅಡುಗೆಮನೆ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದ ನಾರಿಸನಿಗೆ ಕಾಣಲಿಲ್ಲ, ನನಗೆ ಕಂಡಿತು. ಬೆರಿಲ್ ಬಟಾಣಿ ಬೋಗುಣಿ ಹಿಡಿದು ಅಲ್ಲಿ ನಿಂತಿದ್ದಳು. ಕೈಯಲ್ಲೆಲ್ಲ ಹಿಟ್ಟು. ಅವಳು ಬದುಕಿನಲ್ಲಿ ಮೊದಲ ಸಲ ಮಾಡಿದ ಪೈ ಅದು, ಯಾರಿಗಾಗಿ ಮಾಡಿದ್ದಳೆಂದು ಹೇಳಬೇಕಿಲ್ಲ. ಬೋಗುಣಿ ಅಲ್ಲೇ ಇಟ್ಟು ಒಳಗೆ ಓಡಿದಳು.

ಹೊರೇಸ್ ನಗಲಿಲ್ಲ. "ಎದ್ದೇಳು. ಈ ಬಾಗಿಲ ಮೇಲೆ ಪ್ರಾಕ್ಟರ್ ಅನ್ನೋ ಹೆಸರು ಇರೋವರೆಗೂ ನೀನು ಈ ಹೊಸ್ತಿಲು ತುಳಿಯೋ ಹಾಗಿಲ್ಲ" ಎಂದ.

ನಮ್ಮಲ್ಲಿ ಪ್ರತಿ ಪಬ್ಬಿನ ಬಾಗಿಲ ಮೇಲೂ ಯಜಮಾನನ ಹೆಸರನ್ನು ಸಣ್ಣ ಬಿಳಿ ಅಕ್ಷರಗಳಲ್ಲಿ ಬರೆಸಿರುತ್ತಾರೆ. ನಾರಿಸ್ ಎದ್ದು, ಟೋಪಿ ಹಾಕಿಕೊಂಡು, ಹೊರಗೆ ನಿಂತು, ತಲೆಯೆತ್ತಿ ಆ ಹೆಸರನ್ನು ಓದಿಕೊಂಡು ಹೋದ. ಬೇರೆಯವರಾಗಿದ್ದರೆ ವಾರ ಬಿಟ್ಟು ಹೋಗಿ "ಆಯ್ತಲ್ಲ ಬಿಡಪ್ಪ" ಅನ್ನುತ್ತಿದ್ದರು. ನೇಗಿಲಿನಿಂದ ಹಾಗೆ ಹೊರಬಿದ್ದು ವಾಪಸಾಗದವರು ಊರಿನಲ್ಲಿ ಯಾರೂ ಇಲ್ಲ. ವಿಲ್ಫ್ ನಾಲ್ಕು ಸಲ ಬಿದ್ದಿದ್ದಾನೆ. ಆದರೆ ನಾರಿಸನಿಗೆ ಮಾತೆಂದರೆ ಮಾತು. ನೇಗಿಲಿನ ಮುಂದಿನ ಚಪ್ಪಡಿ ಕಲ್ಲನ್ನೂ ತುಳಿಯಬಾರದೆಂದು ಚರ್ಚಿನ ಹಿಂದಿನ ಸುತ್ತುದಾರಿ ಹಿಡಿಯತೊಡಗಿದ. ಅಪ್ಪನ ಮನೆಯಿಂದ ಹೊರಹಾಕಿಸಿಕೊಂಡವನು ಯಾವ ಮುಖ ಹೊತ್ತು ಮಗಳ ಜೊತೆ ನಡೆಯುವುದು ಎಂದು ಭಾನುವಾರದ ನಡಿಗೆಯನ್ನೂ ನಿಲ್ಲಿಸಿದ.

ಇಲ್ಲಿಯವರೆಗೆ ನಾರಿಸನ ಪೆದ್ದುತನ. ಇನ್ನು ನನ್ನದು.

ಮುಂದಿನ ಸೋಮವಾರ ಬೆರಿಲ್ ನನ್ನನ್ನು ಬ್ರೆಡ್ಡಿನ ಅಂಗಡಿಯಲ್ಲಿ ಹಿಡಿದಳು. ಅವಳು ಎಲ್ಲರನ್ನೂ 'ಚಿನ್ನ' ಎನ್ನುವವಳು; ಅಂಚೆಯವನೂ ಚಿನ್ನ, ಪೊಲೀಸಿನವನೂ ಚಿನ್ನ.

"ಲೆನ್ ಚಿನ್ನ, ನಾರಿಸ್‌ಗೊಂದು ಮಾತು ಹೇಳ್ತೀಯಾ? ಅಪ್ಪನ ಹತ್ರ ಐದು ದಿನ ಮಾತು ಬಿಟ್ಟಿದ್ದೆ, ಈಗ ಇಳಿದಿದಾರೆ. ಬರಬಹುದಂತೆ. ಭಾನುವಾರ ಮಧ್ಯಾಹ್ನ ಊಟಕ್ಕೆ ಬರಹೇಳು. ಇನ್ನೊಂದು ಪೈ ಮಾಡ್ತೀನಿ. ಈ ಸಲ ಸುತ್ತಿಗೆ ತರೋದು ಬೇಡ ಅನ್ನು."

"ಹೇಳ್ತೀನಿ" ಎಂದೆ. ಹೇಳಬೇಕೆಂದೇ ಹೊರಟೆ. ದಾರಿಯಲ್ಲಿ ನೆನಪಾಯಿತು, ಗುರುವಾರ ಕಪ್ಪಿನ ಫೈನಲ್. ಪಕ್ಕದೂರಿನ ಸಭಾಂಗಣದಲ್ಲಿ. ಯಾರ ವಿರುದ್ಧ? ನೇಗಿಲಿನ ವಿರುದ್ಧವೇ. ನಾರಿಸ್ ಅವಮಾನದಲ್ಲಿ ಕುದಿಯುತ್ತಿದ್ದ. ಹಾಗೆ ಕುದಿಯುವಾಗ ಅವನು ಎದುರಾಳಿಯ ಕೈಯಲ್ಲಿರುವ ಬಿಲ್ಲೆಗಳನ್ನು ಮೂಗಿನಿಂದಲೇ ಓದುತ್ತಿದ್ದ. ಭಾನುವಾರ ಊಟಕ್ಕೆ ಕರೆದಿದ್ದಾರೆ ಎಂದು ತಿಳಿದರೆ? ಭಾವಿ ಮಾವನಿಗೆ ಬಿಲ್ಲೆ ಬಿಟ್ಟುಕೊಟ್ಟಾನು. ಟಗರು ಹದಿನೇಳು ವರ್ಷದಿಂದ ಕಪ್ಪು ಕಂಡಿರಲಿಲ್ಲ. ಮೂರು ದಿನ ತಡೆದರೆ ಆಕಾಶವೇನು ಬೀಳುತ್ತದೆ ಎಂದುಕೊಂಡೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆ ಪೂಜಾರಿ ನಾನೇ.

ಗುರುವಾರ ಗೆದ್ದೆವು. ನಾರಿಸ್ ಹೊರೇಸನಿಂದ ಸತತ ಆರು ಸಲ ಮೇಜು ಕುಟ್ಟಿಸಿದ. ಗೆದ್ದ ಖುಷಿಗೆ ಕುಡಿದು ಶುಕ್ರವಾರ ನನಗೆ ನನ್ನ ತಲೆ ಎಲ್ಲಿದೆ ಎಂದೇ ಗೊತ್ತಿರಲಿಲ್ಲ. ಶನಿವಾರ ತಲೆ ಸಿಕ್ಕಿತು, ಬೆರಿಲ್ ಹೇಳಿದ ಮಾತು ಅದರಲ್ಲಿರಲಿಲ್ಲ. ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ, ನಮ್ಮ ಮನೆಯ ಊಟದ ಮೇಜಿನಲ್ಲಿ, ಬಾಯೊಳಗೆ ಆಲೂಗಡ್ಡೆ ಇರುವಾಗ ನೆನಪಾಯಿತು. ಆ ಆಲೂಗಡ್ಡೆ ಇವತ್ತಿಗೂ ಗಂಟಲಿನಲ್ಲಿದೆ.

ಸೋಮವಾರ ಬೆರಿಲ್ ಮತ್ತೆ ಅದೇ ಅಂಗಡಿಯಲ್ಲಿ ಎದುರಾದಳು.

"ಹೇಳಿದ್ಯಾ?"

ಮರೆತೆ ಎನ್ನಬಹುದಿತ್ತು. ಇಪ್ಪತ್ತೆರಡರ ಹುಡುಗನಿಗೆ ಸುಳ್ಳಿಗಿಂತ ಮರೆವು ನಾಚಿಕೆಯದು. "ಹೇಳಿದೆ" ಎಂದೆ.

"ಏನಂದ?"

ನಾನು ಅಂಗಡಿಯ ಕಟ್ಟೆಯನ್ನು ಗೆಣ್ಣಿನಿಂದ ಎರಡು ಸಲ ಕುಟ್ಟಿದೆ.

ಅವಳು ನಂಬಿದಳು. ನಂಬದಿರಲು ಕಾರಣವೇ ಇರಲಿಲ್ಲ, ಅದು ಥೇಟ್ ನಾರಿಸನ ಉತ್ತರ. "ಸರಿ ಚಿನ್ನ" ಎಂದು ಬ್ರೆಡ್ಡು ತೆಗೆದುಕೊಂಡು ಹೋದಳು. ಆ ವರ್ಷದ ಕೊನೆಗೆ ಲೀಡ್ಸ್ ಪಟ್ಟಣಕ್ಕೆ ಕೆಲಸಕ್ಕೆ ಹೋದಳು, ಅಲ್ಲಿ ಬಣ್ಣ ಮಾರುವವನೊಬ್ಬನನ್ನು ಮದುವೆಯಾದಳು, ಏಳು ವರ್ಷ ಸಹಿಸಿದಳು. ಹೊರೇಸ್ ಹಾಸಿಗೆ ಹಿಡಿದಾಗ ಒಬ್ಬಳೇ ವಾಪಸು ಬಂದು, ಗಂಡನ ಹೆಸರು ಬಿಟ್ಟು ಅಪ್ಪನ ಹೆಸರನ್ನೇ ಇಟ್ಟುಕೊಂಡು ನೇಗಿಲನ್ನು ನಡೆಸತೊಡಗಿದಳು. ಬಾಗಿಲ ಮೇಲೆ ಬಣ್ಣದವನು ತಿದ್ದಿದ್ದು ಒಂದೇ ಅಕ್ಷರ, ಹೆಸರಿನ ಮುಂದಿನ 'ಎಚ್' ಅನ್ನು 'ಬಿ' ಮಾಡಿದ. ಪ್ರಾಕ್ಟರ್ ಹೋಗಿ ಪ್ರಾಕ್ಟರ್ ಬಂದಿತ್ತು. ನಾರಿಸ್ ರಸ್ತೆಯ ಈಚೆ ದಂಡೆಯಲ್ಲಿ ನಿಂತು ಓದಿದ. ಅವನ ಲೆಕ್ಕದಲ್ಲಿ ಅಪ್ಪಣೆ ಜಾರಿಯಲ್ಲಿತ್ತು.

ಅಂಗಡಿಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ ಇಬ್ಬರೂ ಎದುರಾಗುತ್ತಿದ್ದರು. "ಚಳಿ ಜಾಸ್ತಿ, ಮೆಟ್‌ಕಾಫ್ ಅವರೇ." "ಹೌದು, ಪ್ರಾಕ್ಟರ್ ಅವರೇ." ಊರಿನಲ್ಲಿ ಅವಳು 'ಚಿನ್ನ' ಎನ್ನದ ಒಬ್ಬನೇ ಮನುಷ್ಯ ಅವನು. ಅದನ್ನು ಕೇಳಿದಾಗಲೆಲ್ಲ ನಾನು ಕೈಗೆ ಸಿಕ್ಕ ಡಬ್ಬಿಯ ಹಿಂದಿನ ಚೀಟಿಯನ್ನು ಓದುತ್ತ ನಿಲ್ಲುತ್ತಿದ್ದೆ. ಬಾಯಲ್ಲಿ ಬಿಸಿ ತುಪ್ಪ, ನುಂಗಲೂ ಆಗದು ಉಗುಳಲೂ ಆಗದು. ಆದರೂ ಒಂದು ಸಮಾಧಾನ ಇಟ್ಟುಕೊಂಡಿದ್ದೆ. ನಾರಿಸನಿಗೆ ಟಗರು ಇದೆಯಲ್ಲ, ಅಲ್ಲಿ ಮೂಲೆಯ ಕುರ್ಚಿ, ಬೆಂಕಿ, ನಾವು ಮೂವರು ಇದ್ದೇವಲ್ಲ, ಅವನಿಗೇನು ಕಡಿಮೆ?

ಆಮೇಲೆ ಟಗರೇ ಮುಚ್ಚಿತು. ನನ್ನ ಸಮಾಧಾನಕ್ಕೂ ಹಲಗೆ ಬಡಿದರು.

ಮೂರು ವರ್ಷ ನಾನು ದಿನವೂ ಬೆಂಚಿನ ಮೇಲೆ ಅವನ ಪಕ್ಕ ಹತ್ತು ನಿಮಿಷ ಕೂತು, ಥರ್ಮಾಸಿನ ಮುಚ್ಚಳದಲ್ಲಿ ಅವನು ಕೊಟ್ಟ ಚಹಾ ಕುಡಿದು, ಆಮೇಲೆ ಕಳ್ಳನ ಹಾಗೆ ರಸ್ತೆ ದಾಟುತ್ತಿದ್ದೆ. "ಹೋಗು ಹುಡುಗಾ, ಅಲ್ಲಿ ಬೆಂಕಿ ಇದೆ" ಎನ್ನುತ್ತಿದ್ದ. ನನಗೆ ಅರವತ್ತೊಂದು. ಅವನಿಗೆ ನಾನು ಇನ್ನೂ ಹುಡುಗ.

ಹೋದ ಅಕ್ಟೋಬರಿನಲ್ಲಿ ಟಗರಿನ ಬಾಗಿಲಿಗೆ ಒಂದು ಕಾಗದ ಅಂಟಿಸಿದರು. ಕಟ್ಟಡವನ್ನು ನಾಲ್ಕು ಮನೆ ಮಾಡುತ್ತಾರೆ, ಮುಂದಿನ ತಿಂಗಳ ಒಂದನೇ ತಾರೀಕಿಗೆ ಸುತ್ತಲೂ ಬೇಲಿ ಹಾಕುತ್ತಾರೆ, ಮುಂದಿನ ಬೆಂಚು, ಬೋರ್ಡು ಎಲ್ಲ ತೆಗೆಯುತ್ತಾರೆ. ನಾರಿಸ್ ಕನ್ನಡಕ ಹಾಕಿ ಪೂರ್ತಿ ಓದಿದ.

"ಒಂದನೇ ತಾರೀಕಿಂದ ಎಲ್ಲಿ ಕೂರ್ತೀಯಾ?" ಎಂದೆ.

ಬೆಂಚನ್ನು ಎರಡು ಸಲ ಕುಟ್ಟಿದ.

ಅವತ್ತು ನನಗೆ ನಿಜವಾಗಿ ಭಯವಾಯಿತು. ಅಕ್ಕ ತೀರಿಕೊಂಡಿದ್ದಳು. ಕೈ ನಡುಗಿ ಕಲ್ಲಿನ ಕೆಲಸ ಬಿಟ್ಟಿದ್ದ. ದಿನದಲ್ಲಿ ಅವನು ಮಾತಾಡುತ್ತಿದ್ದದ್ದೆಲ್ಲ ಈ ಬೆಂಚಿನ ಮೇಲೆ, ಹೋಗುವವರ ಬರುವವರ ಜೊತೆ, ನನ್ನ ಜೊತೆ. ಹಾರ್ಟ್ಲೆ ಬಿಯರಿನ ನೊರೆ ಒರೆಸಿಕೊಳ್ಳುತ್ತ, "ಅವನು ನಾಲ್ಕು ಗೋಡೆ ಒಳಗೆ ಒಂದು ಚಳಿಗಾಲ ಕಳೆಯಲ್ಲ ಬಿಡು. ಗೋಡೆ ಕಟ್ಟೋನೇ ಹೊರತು ಒಳಗೆ ಕೂರೋನಲ್ಲ" ಎಂದ. ನಮ್ಮ ಪೈಕಿ ಯಾರೂ ನಗಲಿಲ್ಲ.

ಸೋಮವಾರ ಸಂಜೆ, ಒಂದನೇ ತಾರೀಕಿಗೆ ಎಂಟು ದಿನವಿರುವಾಗ, ಬೆಂಚಿನ ಮೇಲೆ ಕೂತು ಹೇಳಿಬಿಟ್ಟೆ. ಬ್ರೆಡ್ಡಿನ ಅಂಗಡಿ, ಭಾನುವಾರದ ಊಟ, ಹೊರೇಸ್ ಇಳಿದದ್ದು, ಎಲ್ಲ. ಅಂಗಡಿಯ ಕಟ್ಟೆ ಕುಟ್ಟಿದ್ದೊಂದು ಬಿಟ್ಟೆ. ಒಂದೇ ದಿನಕ್ಕೆ ಎಷ್ಟು ಅಂತ ಹೇಳುವುದು. ಹೇಳುವಾಗ ಅವನ ಮುಖ ನೋಡಲಿಲ್ಲ, ಟಗರಿನ ಒಂಟಿ ಕಣ್ಣನ್ನು ನೋಡಿದೆ. ಅದೂ ನನ್ನ ಕಡೆಗಿರಲಿಲ್ಲ.

ಅವನು ಮುಚ್ಚಳದಲ್ಲಿದ್ದ ಚಹಾವನ್ನು ನೆಲಕ್ಕೆ ಚೆಲ್ಲಿದ.

"ಆ ಪೈ... ಅವಳು ಮಾಡಿದ್ದಾ?"

"ಹೂಂ."

"ಅವರಮ್ಮ ಮಾಡಿದ್ದು ಅಂದ್ಕೊಂಡಿದ್ದೆ." ನನ್ನ ಕಡೆ ತಿರುಗಿದ. "ನಿಂಗೆ ಹೇಳಿದ್ದು ಯಾವತ್ತು?"

"ಸೋಮವಾರ."

"ಫೈನಲ್ ಗುರುವಾರ."

"ಹೌದು."

"ಅಲ್ಲಿವರೆಗೂ ಬಾಯಿ ಕಟ್ಕೊಂಡಿದ್ದೆ. ಸರಿ. ನಾನಾಗಿದ್ರೂ ಅದನ್ನೇ ಮಾಡ್ತಿದ್ನೇನೋ." ಥರ್ಮಾಸಿನ ಮುಚ್ಚಳ ತಿರುಗಿಸಿ ಬಿಗಿ ಮಾಡಿದ. "ಶುಕ್ರವಾರ ಹೇಳಬಹುದಿತ್ತಲ್ಲ, ಹುಡುಗಾ."

ಬೈದಿದ್ದರೆ ಸಹಿಸುತ್ತಿದ್ದೆ. ಅವನು ಎದ್ದು, ಸುತ್ತುದಾರಿ ಹಿಡಿದು ಹೊರಟುಹೋದ. ನಾನು ಆ ಬೆಂಚಿನ ಮೇಲೆ ಕೂತು ಅತ್ತೆ, ಅದನ್ನು ಮುಚ್ಚಿಟ್ಟುಕೊಳ್ಳುವುದಿಲ್ಲ. ಮುಚ್ಚಿಟ್ಟು ಮುಚ್ಚಿಟ್ಟು ಸಾಕಾಗಿದೆ.

ಮಂಗಳವಾರ ಆರು ಗಂಟೆಗೆ ಬೆಂಚು ಖಾಲಿ. ಹಾರ್ಟ್ಲೆಯ ಹೆಂಡತಿ ಗಡಿಯಾರ ಕೆಟ್ಟಿದೆಯೆಂದು ಬ್ಯಾಟರಿ ಬದಲಿಸಿದಳಂತೆ. ಬುಧವಾರವೂ ಖಾಲಿ. ಅವನ ಮನೆಯ ಚಿಮಣಿಯಲ್ಲಿ ಹೊಗೆ ಇತ್ತು, ಅಷ್ಟರಿಂದಲೇ ಬದುಕಿದ್ದಾನೆಂದು ತಿಳಿದೆವು. ಬಾಗಿಲು ಬಡಿದರೆ ಒಳಗಿನಿಂದ ಏನೋ ಎರಡು ಸಲ ಕುಟ್ಟಿದ ಸದ್ದು.

ಗುರುವಾರ ಆರೂಕಾಲಿಗೆ ನಾವು ಮೂವರು ನೇಗಿಲಿನಲ್ಲಿ ಕೂತಿದ್ದಾಗ ಬಾಗಿಲು ತೆರೆಯಿತು. ತೆರೆದದ್ದು ಮುಚ್ಚಲೇ ಇಲ್ಲ. ಗಾಳಿ ಒಳಗೆ ನುಗ್ಗಿತು.

"ಬಾಗಿಲು ಹಾಕ್ರಯ್ಯಾ! ಕೊಟ್ಟಿಗೇಲಿ ಹುಟ್ಟಿದ್ರಾ?" ಎಂದು ವಿಲ್ಫ್ ತಿರುಗದೆಯೇ ಕೂಗಿದ. ಆಮೇಲೆ ತಿರುಗಿದ. ತಿರುಗಿದವನು ಹಾಗೆಯೇ ಉಳಿದ.

ಹೊಸ್ತಿಲಿನ ಆಚೆ ನಾರಿಸ್ ನಿಂತಿದ್ದ. ಅಕ್ಕನ ಶವಸಂಸ್ಕಾರಕ್ಕೆ ಹಾಕಿದ್ದ ಕರಿ ಸೂಟು, ನೀರು ಹಚ್ಚಿ ಬಾಚಿದ ತಲೆ, ಎರಡೂ ಕೈಯಲ್ಲಿ ಹಿಡಿದ ಟೋಪಿ. ಬೂಟಿನ ತುದಿ ಹೊಸ್ತಿಲಿನಿಂದ ಒಂದಂಗುಲವೂ ಈಚೆಗೆ ಬಂದಿರಲಿಲ್ಲ.

"ಪ್ರಾಕ್ಟರ್ ಅವರೇ, ಒಂದು ಮಾತು ಕೇಳಬೇಕಿತ್ತು. ಇಲ್ಲಿಂದಲೇ ಕೇಳ್ತೀನಿ."

ಬೆರಿಲ್ ಲೋಟ ಒರೆಸುತ್ತಿದ್ದಳು, ಒರೆಸುತ್ತಲೇ ಇದ್ದಳು. "ಕೇಳಿ, ಮೆಟ್‌ಕಾಫ್ ಅವರೇ. ಬೇಗ ಕೇಳಿ, ಚಳಿ ಎಲ್ಲ ಒಳಗೆ ಬರ್ತಿದೆ."

"ಎಂಬತ್ನಾಲ್ಕರಲ್ಲಿ ಒಂದು ಭಾನುವಾರ ನನ್ನನ್ನ ಊಟಕ್ಕೆ ಕರೆದಿದ್ರಂತೆ."

"ಕರೆದಿದ್ದೆ." ಲೋಟ ಕೆಳಗಿಟ್ಟಳು. "ನೀವು ಮೇಜು ಕುಟ್ಟಿದ್ರಂತೆ."

"ನಾನು ಕುಟ್ಟಿಲ್ಲ. ನಂಗೆ ಗೊತ್ತಾಗಿದ್ದೇ ಸೋಮವಾರ. ಈ ಸೋಮವಾರ."

ಬೆರಿಲ್ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ನನ್ನ ಲೋಟದ ನೊರೆಯನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದೆ. ಅವಳು ಕಟ್ಟೆಯ ಹಿಂದಿನಿಂದ ಬಂದು, ನನ್ನ ಕೈಯಿಂದ ಆ ಲೋಟ ತೆಗೆದುಕೊಂಡು, ಇನ್ನೂ ಮುಕ್ಕಾಲು ಇದ್ದ ಬಿಯರನ್ನು ತೊಟ್ಟಿಗೆ ಸುರಿದಳು.

"ಎದ್ದೇಳು, ಲೆನ್." ಚಿನ್ನ ಎನ್ನಲಿಲ್ಲ.

"ಬೆರಿಲ್, ಮೂವತ್ತೊಂಬತ್ತು ವರ್ಷದ ಹಿಂದಿನ ಮಾತು..."

"ಐದು ಗಂಟೆವರೆಗೂ ಪೈಯನ್ನ ಒಲೆ ಮೇಲೆ ಇಟ್ಕೊಂಡು ಕೂತಿದ್ದೆ ಕಣೋ. ಅಪ್ಪ ತಟ್ಟೆ ತೆಗಿ ಅಂದ್ರೂ ತೆಗೀಲಿಲ್ಲ." ಅವಳ ದನಿ ಒಂದು ಕ್ಷಣ ಇಪ್ಪತ್ತಾರು ವರ್ಷದ್ದಾಗಿತ್ತು. ಆಮೇಲೆ ಅಪ್ಪನದಾಯಿತು. "ಈ ಬಾಗಿಲ ಮೇಲೆ ಪ್ರಾಕ್ಟರ್ ಅನ್ನೋ ಹೆಸರು ಇರೋವರೆಗೂ ನೀನು ಈ ಹೊಸ್ತಿಲು ತುಳಿಯೋ ಹಾಗಿಲ್ಲ. ಹೊರಡು."

ಕೋಟು ಹುಡುಕಿಕೊಂಡು ಎದ್ದೆ. ಹಾರ್ಟ್ಲೆ, ವಿಲ್ಫ್ ಇಬ್ಬರಿಗೂ ಅದೇ ಹೊತ್ತಿಗೆ ಬಿಲ್ಲೆಗಳ ಮೇಲಿನ ಚುಕ್ಕೆ ಎಣಿಸುವ ಕೆಲಸ ಬಂದಿತ್ತು. ಹಿಂದಿನಿಂದ ಬೆರಿಲ್ ಮಾತು ಕೇಳಿಸಿತು, ನನಗಲ್ಲ.

"ನೀನ್ಯಾಕೆ ಕಂಬದ ಹಾಗೆ ನಿಂತಿದೀಯಾ? ಒಳಗೆ ಬಾ. ಬಾಗಿಲು ಹಾಕು."

ನೀನು ಎಂದಳು. ಮೂವತ್ತೊಂಬತ್ತು ವರ್ಷ ನೀವು ಎಂದವಳು. ನಾರಿಸ್ ಹೊಸ್ತಿಲು ದಾಟಿದ, ನಾನೂ ದಾಟಿದೆ, ಅವನು ಒಳಕ್ಕೆ ನಾನು ಹೊರಕ್ಕೆ. ನಾನು ಪೂರ್ತಿ ಹೊರಬೀಳುವವರೆಗೆ ಅವನು ಬಾಗಿಲನ್ನು ಹಿಡಿದುಕೊಂಡಿದ್ದ. ಮರ್ಯಾದಸ್ಥ.

ಆವತ್ತಿನಿಂದ ಸಂಜೆ ಆರು ಗಂಟೆಗೆ ಈ ಬೆಂಚಿನ ಮೇಲೆ ಕೂರುವವನು ನಾನು. ಒಂದನೇ ತಾರೀಕು ಬೇಲಿ ಹಾಕುತ್ತೇವೆ ಎಂದವರು ಏಳು ತಿಂಗಳಾದರೂ ಪತ್ತೆಯಿಲ್ಲ. ಅವರು ಇಷ್ಟು ಸೋಮಾರಿಗಳೆಂದು ಮೊದಲೇ ಗೊತ್ತಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲವೇನೋ, ದೇವರಿಗೇ ಗೊತ್ತು. ಹೆಂಡತಿ ಥರ್ಮಾಸಿಗೆ ಚಹಾ ಹಾಕಿಕೊಡುತ್ತ ಪ್ರತಿದಿನ "ಮಾಡಿದ್ದುಣ್ಣೋ ಮಹರಾಯ" ಅನ್ನುತ್ತಾಳೆ. ಸಕ್ಕರೆ ಹಾಕುವುದನ್ನು ಮರೆಯುತ್ತಾಳೆ, ಅದನ್ನು ಹೇಳುವುದನ್ನು ಮರೆಯುವುದಿಲ್ಲ. ಕಪ್ಪನ್ನು ಒಂದು ದಿನ ತಂದು ಟಗರಿನ ಬಾಗಿಲ ಮುಂದೆ ಇಟ್ಟೆ. ಮರುದಿನ ಅದರಲ್ಲಿ ಮಳೆನೀರು ತುಂಬಿ ಒಂದು ಗುಬ್ಬಿ ಕುಡಿಯುತ್ತಿತ್ತು. ಟಗರಿಗೆ ಬಹುಕಾಲದ ಮೇಲೆ ಗಿರಾಕಿ ಬಂತು.

ಇಲ್ಲಿಂದ ನೇಗಿಲಿನ ಕಿಟಕಿ ಚೆನ್ನಾಗಿ ಕಾಣುತ್ತದೆ. ನಾರಿಸ್ ನನ್ನ ಕುರ್ಚಿಯಲ್ಲಿ ಕೂರುತ್ತಾನೆ. ಅವನ ಮುಂದೆ ತಟ್ಟೆ, ತಟ್ಟೆಯಲ್ಲಿ ಪೈ. ಬೆರಿಲ್‌ಳ ಕೈ ಈ ವಿಷಯದಲ್ಲಿ ಸುಧಾರಿಸಿಲ್ಲವೆಂದು ಊರಿಗೆಲ್ಲ ಗೊತ್ತು. ಒಂದೊಂದು ತುತ್ತನ್ನೂ ಅವನು ಬಹಳ ಹೊತ್ತು ಅಗಿಯುತ್ತಾನೆ. ಮುಚ್ಚಳವನ್ನೂ ಬಿಡುವುದಿಲ್ಲ. ತಮಾಷೆ ಮಾಡುವ ಗಂಡಸು ಆ ಕೋಣೆಯಲ್ಲಿ ಯಾರೂ ಇಲ್ಲ.

ನನ್ನ ಆಸೆಯೆಲ್ಲ ಆ ಬಾಗಿಲ ಮೇಲಿನ ಹೆಸರಿನ ಮೇಲಿದೆ. ಭಾನುವಾರ ಇಬ್ಬರೂ ಮತ್ತೆ ಹಳ್ಳದ ದಂಡೆಯಲ್ಲಿ ನಡೆಯುತ್ತಾರೆ. ಗೇಣೂ ಉಳಿದಿಲ್ಲ, ನಾನೇ ನೋಡಿದ್ದೇನೆ. ಎಪ್ಪತ್ತೆರಡಕ್ಕೆ ಅರವತ್ತೈದು, ಏನು ತಪ್ಪು? ಪ್ರಾಕ್ಟರ್ ಹೋಗಿ ಮೆಟ್‌ಕಾಫ್ ಬಂದರೆ ನನ್ನ ಶಿಕ್ಷೆಯೂ ಮುಗಿಯುತ್ತದೆ. ಏಪ್ರಿಲಿನಲ್ಲಿ ಒಬ್ಬ ಬಣ್ಣದವನು ಏಣಿ ಹೊತ್ತು ಬಂದು ನೇಗಿಲಿಗೆ ಒರಗಿಸಿದ. ನಾನು ಎದ್ದು ನಿಂತೆ. ಅವನು ಕಿಟಕಿಯ ಚೌಕಟ್ಟಿಗೆ ಹಸಿರು ಬಳಿದು ಏಣಿ ಎತ್ತಿಕೊಂಡು ಹೋದ.

ಆದರೂ ಬೆರಿಲ್‌ಳ ಮನಸ್ಸು ಕೆಟ್ಟದ್ದಲ್ಲ. ಅಪ್ಪನನ್ನೇ ಐದು ದಿನದಲ್ಲಿ ಇಳಿಸಿದವಳು, ತಾನೂ ಎಂದೋ ಇಳಿದಿರಬಹುದು. ಯಾರ ಹತ್ತಿರವಾದರೂ ಹೇಳಿ ಕಳಿಸಿರಬಹುದು. ಆ ಯಾರೋ ಮರೆತಿರಬಹುದು. ಈ ಯೋಚನೆ ಹೊಕ್ಕ ಮೇಲೆ ನಿದ್ದೆಯಿಲ್ಲ. ಹೋಗುವವರನ್ನೆಲ್ಲ ನಿಲ್ಲಿಸಿ ಕೇಳುತ್ತೇನೆ: "ನೇಗಿಲಿಂದ ನಂಗೇನಾದ್ರೂ ಹೇಳಿದ್ರಾ?" ಅಂಚೆಯವನು ಈಗ ರಸ್ತೆಯ ಆಚೆ ದಂಡೆಯಲ್ಲಿ ಹೋಗುತ್ತಾನೆ.

ನಿನ್ನೆ ಸೋಮವಾರ ನಾರಿಸ್ ಬಂದ. ಈಗ ಸುತ್ತುದಾರಿಯಿಲ್ಲ, ನೇಗಿಲಿನ ಚಪ್ಪಡಿ ಕಲ್ಲು ತುಳಿದುಕೊಂಡು ನೇರವಾಗಿ ಬರುತ್ತಾನೆ. ಬಟ್ಟೆಯಲ್ಲಿ ಸುತ್ತಿದ ಒಂದು ತುಂಡು ಪೈಯನ್ನು ನನ್ನ ತೊಡೆಯ ಮೇಲಿಟ್ಟು ಪಕ್ಕದಲ್ಲಿ ಕೂತ. ಇನ್ನೂ ಬಿಸಿಯಿತ್ತು. ಬೆರಿಲ್ ಕಳಿಸಿದ್ದೇ ಆಗಿರಬೇಕು. ಪೈ ಕಳಿಸಿದವಳು ಬರೀ ಪೈ ಕಳಿಸಿರಲಾರಳು. ನಾನು ಕಚ್ಚಿದೆ, ಅಗಿಯುತ್ತ ಅಗಿಯುತ್ತ ಧೈರ್ಯ ಮಾಡಿದೆ.

"ನಾರಿಸ್, ಬೆರಿಲ್ ಏನಾದ್ರೂ ಹೇಳು ಅಂದ್ಲಾ?"

ಅವನು ತಲೆಯೆತ್ತಿ ಟಗರನ್ನು ನೋಡಿದ. ಅದರ ಕೊಂಬು ಈ ಚಳಿಗಾಲದಲ್ಲಿ ಉದುರಿಹೋಗಿದೆ, ಕಣ್ಣೊಂದೇ ಇದೆ.

"ಗುರುವಾರ ಕಪ್ಪಿನ ಫೈನಲ್ ಇದೆ, ಹುಡುಗಾ."

"ಗೊತ್ತು."

"ಏನಿದ್ರೂ ಶುಕ್ರವಾರ ಹೇಳ್ತೀನಿ."

ಎದ್ದು ಹೊರಟ. ನಾನು ಬೆಂಚನ್ನು ಎರಡು ಸಲ ಕುಟ್ಟಿದೆ.